ಬಿರುಗಾಳಿಯ ಮನೆಮಂದಿ

ಇದು ನಡೆದದ್ದೇ. ಒಂದು ಮಾತು ಸುಳ್ಳಾಗಿದ್ದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಎರಡು ಮಾತು ಸುಳ್ಳಾಗಿದ್ದರೆ, ಕೇಳಿ ತಲೆಯಾಡಿಸಿದ ತಪ್ಪಿಗೆ ನಿಮ್ಮ ಕಿವಿಗೂ ಬೀಳಲಿ. ಮೂರನೆಯದರ ಮಾತು ಬೇಡ, ಅಷ್ಟು ದೂರ ಹೋಗುವವನಲ್ಲ ನಾನು.

ಒಂದು ಆಸ್ಪತ್ರೆ. ಪರದೇಶದಿಂದ ಬಂದು ಅಲ್ಲಿ ಕೆಲಸಕ್ಕೆ ಸೇರಿದ ಒಬ್ಬ ನರ್ಸು. ಅವಳು ವಾರ್ಡಿನಲ್ಲಿ ನಡೆದರೆ ಕಿಟಕಿಯ ಪರದೆಗಳು ಹಾರುತ್ತಿದ್ದವು. ಮಲಗಿದವರು ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿಯಬೇಕಿತ್ತು. ಅದಕ್ಕೇ ಅಲ್ಲಿನವರು ಅವಳಿಗೆ ಬಿರುಗಾಳಿ ಎಂದು ಹೆಸರಿಟ್ಟಿದ್ದರು. ಕೈಗುಣವೋ, ಕೇಳಬೇಡಿ. ಇಂಜೆಕ್ಷನ್ ಕೊಟ್ಟು, ಹತ್ತಿ ಒತ್ತಿ, ಸೂಜಿ ಬಿಸಾಡಿ ಮುಂದಿನ ಹಾಸಿಗೆಗೆ ಹೋದ ಮೇಲೆ ಹಿಂದಿನ ಹಾಸಿಗೆಯವನು, "ಸಿಸ್ಟರ್, ಚುಚ್ಚೋ ಮುಂಚೆ ಹೇಳ್ರಮ್ಮ, ನಂಗೆ ಭಯ" ಎನ್ನುತ್ತಿದ್ದ. ನರ ಸಿಗದ ಕೈ ಎಂಬುದೇ ಅವಳ ಪಾಲಿಗೆ ಇರಲಿಲ್ಲ. ಗೋಡೆ ತೋರಿಸಿದ್ದರೂ ಅದರಲ್ಲಿ ನರ ಹುಡುಕಿ ಒಂದು ಸಿರಿಂಜು ರಕ್ತ ತೆಗೆಯುತ್ತಿದ್ದಳು.

ಇಂಥ ಬಿರುಗಾಳಿ ಹೆದರುತ್ತಿದ್ದುದು ಒಬ್ಬಳಿಗೇ, ತನ್ನ ಸೋದರತ್ತೆಗೆ. ತಾಯಿಯಿಲ್ಲದ ಹುಡುಗಿಯನ್ನು ಸಾಕಿ ಸಲಹಿದವಳು ಆ ಅತ್ತೆ. ಸಾಮಾನ್ಯದ ಹೆಂಗಸಲ್ಲ. ಒಮ್ಮೆ ತನ್ನನ್ನು ಬಿಟ್ಟು ಹೊರಟ ಬಸ್ಸನ್ನು ಅವಳು ಸುಮ್ಮನೆ ದಿಟ್ಟಿಸಿ ನೋಡಿದಳು. ಬಸ್ಸು ಮುಂದಿನ ಊರಿನಿಂದ ಹಿಂದಕ್ಕೆ ಬಂತು, ಕಂಡಕ್ಟರ್ ಇಳಿದು ಅವಳ ಚೀಲ ಎತ್ತಿಕೊಂಡ. ಹುಡುಗಿ ಪರದೇಶಕ್ಕೆ ಹೊರಟಾಗ ಅತ್ತೆ ಹಾಕಿದ್ದು ಒಂದೇ ಕರಾರು.

"ಹೋಗು, ಬೇಡ ಅನ್ನಲ್ಲ. ಆದ್ರೆ ನನ್ನವರು ಅನ್ನೋಕೆ ನಾಲ್ಕು ಜನ ಇಲ್ದೆ, ಒಂಟಿ ಪಿಶಾಚಿ ಥರ ಬದುಕ್ತಿದೀಯ ಅಂತ ಗೊತ್ತಾಯ್ತೋ, ಬಂದು ಜಡೆ ಹಿಡಿದು ಎಳ್ಕೊಂಡು ಬರ್ತೀನಿ."

ಹಾಗಾಗಿ ಬಿರುಗಾಳಿ ಫೋನಿನಲ್ಲೇ ಒಂದು ಸಂಸಾರ ಕಟ್ಟಿದ್ದಳು. ಆಂಬುಲೆನ್ಸ್ ಓಡಿಸುವ ಡ್ರೈವರ್ ಅವಳಿಗೆ ಅಣ್ಣನಂತೆ. ಕ್ಯಾಂಟೀನಿನ ಅಡುಗೆಯವನು ಮಾವನಂತೆ. ವಾರ್ಡಿನ ಮೇಲ್ವಿಚಾರಣೆಯ ದೊಡ್ಡ ಸಿಸ್ಟರ್ ಒಡಹುಟ್ಟಿದ ಅಕ್ಕನಂತೆ. "ಬಂಗಾರದಂಥ ಜನ ಅತ್ತೆ. ನನ್ನನ್ನ ಅಂಗೈಲಿಟ್ಟು ನೋಡ್ಕೋತಾರೆ" ಎಂದು ಬಿಡುತ್ತಿದ್ದಳು. ನಿಜ ಬೇರೆಯೇ. ಡ್ರೈವರಿಗೂ ಅವಳಿಗೂ ಎಣ್ಣೆ ಸೀಗೇಕಾಯಿ. ಅಡುಗೆಯವನು ಅವಳ ನೆರಳು ಕಂಡರೆ ಸೌಟು ಬಚ್ಚಿಡುತ್ತಿದ್ದ. ದೊಡ್ಡ ಸಿಸ್ಟರಿಗಂತೂ ಅವಳನ್ನು ಬೈಯದೆ ಕುಡಿದ ಚಹಾ ಅರಗುತ್ತಿರಲಿಲ್ಲ. ಇವರು ಯಾರೋ, ನಾನು ಯಾರೋ, ಅತ್ತೆಗೆ ಹೇಳುತ್ತಿರುವುದು ಹಸಿ ಸುಳ್ಳು ಎಂದೇ ಬಿರುಗಾಳಿ ತಿಳಿದಿದ್ದಳು.

ಒಂದು ದಿನ ಅತ್ತೆಯ ಫೋನು ಬಂತು. "ನಾಳೆ ಮಧ್ಯಾಹ್ನ ಬರ್ತಿದೀನಿ. ಅಂಗೈಲಿಟ್ಟು ನೋಡ್ಕೊಳ್ಳೋರ ಅಂಗೈ ಎಷ್ಟಗಲ ಇದೆ ಅಂತ ನೋಡ್ಬೇಕು."

ಬಿರುಗಾಳಿ ನೇರ ಕ್ಯಾಂಟೀನಿಗೆ ನುಗ್ಗಿದಳು. ಅಡುಗೆಯವನು ರೋಗಿಗಳ ಗಂಜಿ ತಿರುವುತ್ತಿದ್ದ. ಆ ಗಂಜಿ ಎಷ್ಟು ತೆಳುವೆಂದರೆ, ಪಾತ್ರೆಯ ತಳದಲ್ಲಿ ಕೊರೆದಿದ್ದ ಅಂಗಡಿಯ ಹೆಸರನ್ನು ಸಲೀಸಾಗಿ ಓದಬಹುದಿತ್ತು. ಡ್ರೈವರ್ ಮತ್ತು ದೊಡ್ಡ ಸಿಸ್ಟರ್ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು. ಅವಳು ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದಳು. "ನಾಳೆ ಒಂದು ದಿನ ನೀವೆಲ್ಲ ನಮ್ಮನೆಯವರಾಗ್ಬೇಕು. ಇಲ್ಲಾಂದ್ರೆ ನಾನು ಊರಿಗೆ ಗಂಟುಮೂಟೆ ಕಟ್ಟಿದ ಹಾಗೇ."

"ನಾನೇನಾಗ್ಬೇಕು?" ಎಂದ ಡ್ರೈವರ್.

"ಅಣ್ಣ."

"ನಿನ್ನಂಥ ತಂಗಿ ಹುಟ್ಟಿದ್ರೆ ನಾನು ಯಾವತ್ತೋ ಸನ್ಯಾಸ ತಗೋತಿದ್ದೆ."

"ನಾನು?" ಎಂದ ಅಡುಗೆಯವನು.

"ಮಾವ."

"ತಾಯಿ ತಮ್ಮ ಮಾವನೋ, ಗಂಡನ ಅಪ್ಪ ಮಾವನೋ? ಈಗ್ಲೇ ಹೇಳ್ಬಿಡು, ಮೀಸೆ ತಿರುವೋ ರೀತಿ ಬೇರೆ ಬೇರೆ ಇರುತ್ತೆ."

ದೊಡ್ಡ ಸಿಸ್ಟರ್ ಲೋಟ ಕುಕ್ಕಿದರು. "ತಮಾಷೆ ಸಾಕು. ಇವಳು ಹೋದ್ರೆ ವಾರ್ಡು ನಡೆಯಲ್ಲ. ನಾಳೆ ಒಬ್ರೂ ಇವಳ ಮೇಲೆ ಬಾಯಿ ಮಾಡ್ಕೂಡ್ದು. ಬೈದ್ರೆ, ನಮ್ಮ ಹುಡುಗೀನ ಗೋಳು ಹುಯ್ಕೋತಾರೆ ಅಂತ ಆಯಮ್ಮ ಕರ್ಕೊಂಡು ಹೋಗ್ಬಿಡ್ತಾರೆ. ಬರೀ ಹೊಗಳ್ಬೇಕು. ಬಾಯ್ತುಂಬ."

ಎಲ್ಲರೂ ಒಪ್ಪಿದರು. ಕೆಟ್ಟದ್ದು ಅಲ್ಲೇ.

ಮರುದಿನ ಅತ್ತೆ ಬಂದಳು. ರೈಲು ಹತ್ತುವಾಗ ಅವಳಿಗೆ ಆ ದೇಶದ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಕಿಟಕಿ ಪಕ್ಕದ ಜಾಗಕ್ಕೆ ಜಗಳ ಶುರುವಾಯಿತು. ಜಗಳಕ್ಕೆ ಮಾತು ಬೇಕಲ್ಲ, ಅವರಿಂದಲೇ ಕಲಿತು ಅವರಿಗೇ ತಿರುಗಿಸಿದಳು. ಇಳಿಯುವ ಹೊತ್ತಿಗೆ ಆ ಭಾಷೆಯಲ್ಲಿ ಗಾದೆ ಹೇಳುವಷ್ಟಾಗಿದ್ದಳು, ಕಿಟಕಿಯೂ ಸಿಕ್ಕಿತ್ತು.

ಕ್ಯಾಂಟೀನಿನ ಉದ್ದ ಮೇಜಿಗೆ ಊಟಕ್ಕೆ ಕೂತರು. ಡ್ರೈವರ್ ತಲೆಗೆ ಎಣ್ಣೆ ಮೆತ್ತಿ ಬಾಚಿದ್ದ. ಮೊದಲು ಬಾಯಿ ತೆರೆದವನೂ ಅವನೇ. "ನಮ್ಮ ತಂಗಿ ಅಂದ್ರೆ ಅಪರಂಜಿ. ಇವರು ಜೋರಾಗಿ ಮಾತಾಡಿದ್ದು ನಾನು ಕೇಳೇ ಇಲ್ಲ."

ಅತ್ತೆ ಅಗಿಯುವುದನ್ನು ಸ್ವಲ್ಪ ನಿಧಾನ ಮಾಡಿದಳು.

"ಊಟಕ್ಕೆ ಕೂತ್ರೆ ಬಡಿಸಿದ್ದನ್ನ ಕಣ್ಣಿಗೊತ್ಕೊಂಡು ತಿಂತಾರೆ," ಎಂದ ಅಡುಗೆಯವನು. "ಒಂದು ದಿನಾನೂ ಉಪ್ಪು ಕಮ್ಮಿ ಅಂದವರಲ್ಲ."

ಅತ್ತೆ ಇನ್ನೂ ನಿಧಾನವಾದಳು.

"ನಾನು ಹಾಕಿದ ಗೆರೆ ದಾಟಲ್ಲ. ಹಸುವಿನಂಥ ಹುಡುಗಿ," ಎಂದರು ದೊಡ್ಡ ಸಿಸ್ಟರ್.

ಅತ್ತೆ ಅಗಿಯುವುದನ್ನೇ ನಿಲ್ಲಿಸಿದಳು. ಗೋಡೆಯ ಗಡಿಯಾರವೂ ಹೆದರಿ ನಿಂತಿತು.

"ಏಳೇ. ಕೈ ತೊಳ್ಕೊ. ಪೆಟ್ಟಿಗೆ ಕಟ್ಟು."

"ಯಾಕತ್ತೆ?"

"ಯಾಕಾ? ನಿನ್ನನ್ನ ಸಾಕಿದ್ದು ನಾನು. ಹಸುವೋ ಹುಲಿಯೋ ನಂಗೊತ್ತಿಲ್ವಾ? ಮನೆ ಮಗಳನ್ನ ಎದುರಿಗೇ ಕೂರಿಸ್ಕೊಂಡು ಹೊಗಳೋ ಮನೆಯವರನ್ನ ನನ್ನ ಜನ್ಮದಲ್ಲಿ ನೋಡಿಲ್ಲ. ಹಾಗೆ ಹೊಗಳೋರು ಮದುವೆ ದಲ್ಲಾಳಿಗಳು, ಇಲ್ಲಾ ಬಾಡಿಗೆಗೆ ಬಂದವರು. ಈ ಊರಲ್ಲಿ ನಿನಗೆ ಯಾರೂ ಇಲ್ಲ. ನಡಿ."

ಬಿರುಗಾಳಿ ಇನ್ನೊಂದು ಸುಳ್ಳು ಹೊಸೆಯಬಹುದಿತ್ತು. ಆದರೆ ಅತ್ತೆಯ ಮುಂದೆ ಅದು ಗಾಳಿಗಿಟ್ಟ ದೀಪ. ಮಹಡಿಯ ವಾರ್ಡಿನಲ್ಲಿ ಅವಳು ಸುತ್ತಿದ ಬ್ಯಾಂಡೇಜುಗಳಿದ್ದವು, ಅವಳು ಬಂದರೇ ಮಾತ್ರೆ ನುಂಗುತ್ತೇನೆಂದು ಹಟ ಹಿಡಿದ ಮುದುಕರಿದ್ದರು. ಅದನ್ನು ಬಿಟ್ಟು ಹೋಗುವುದೆಂದರೆ ಕೈ ಕತ್ತರಿಸಿಟ್ಟು ಹೋದಂತೆ. ಅವಳು ಬೆನ್ನು ನೆಟ್ಟಗೆ ಮಾಡಿದಳು.

"ಹೌದತ್ತೆ, ಸುಳ್ಳು ಹೇಳ್ದೆ. ಇವರು ನನ್ನ ಜೊತೆ ಕೆಲಸ ಮಾಡೋರು, ಅಷ್ಟೇ. ಆದ್ರೆ ಕೆಲಸ ನನ್ನದು. ಬಿಟ್ಟು ಬರಲ್ಲ."

"ಬರ್ತೀಯ," ಎಂದು ಅತ್ತೆ ಜಡೆಗೆ ಕೈ ಹಾಕಿಯೇಬಿಟ್ಟಳು.

"ಅಷ್ಟೇನಾ?" ಡ್ರೈವರ್ ಎದ್ದು ನಿಂತಿದ್ದ. "ಏನಂದೆ? ಅಷ್ಟೇನಾ? ಹಾಗಾದ್ರೆ ಮೈಮೇಲಿರೋ ನನ್ನ ಸ್ವೆಟರ್ ಬಿಚ್ಚಿಡೇ!"

"ನೀನೇ ಕೊಟ್ಟಿದ್ದಲ್ವಾ ಇದು!"

"ನಡುಗ್ತಾ ನಿಂತಿದ್ದೆ ಅಂತ ಒಂದು ದಿನದ ಮಟ್ಟಿಗೆ ಕೊಟ್ಟೆ. ಮೊಣಕೈ ಹತ್ರ ತೂತು ಬೇರೆ ಮಾಡಿಟ್ಟಿದೀಯ!"

"ತೂತು ಮೊದ್ಲೇ ಇತ್ತು, ನಿನ್ನ ತಲೇಲಿರೋ ಹಾಗೆ!"

ಅಡುಗೆಯವನು ಸೌಟು ಹಿಡಿದೇ ಮುಂದೆ ಬಂದ. "ನಾನು ಹೇಳಿದ್ದೂ ಸುಳ್ಳು ಕಣಮ್ಮ. ನನ್ನ ಒಲೆ ಹತ್ರ ಬಂದು, ನನ್ನ ಕೈಯಿಂದ ಸೌಟು ಕಿತ್ಕೊಂಡು, ನನ್ನ ಸಾರಿಗೆ ಉಪ್ಪು ಸುರೀತಾಳೆ! ಹೊತ್ತಿಗೆ ಸರಿಯಾಗಿ ಊಟಕ್ಕೆ ಬರಲ್ಲ. ತಟ್ಟೆ ಮುಚ್ಚಿಟ್ಕೊಂಡು ಕಾಯ್ಬೇಕು ನಾನು. ಬಂದು, ಆರಿಹೋಗಿದೆ ಅಂತ ಮೂತಿ ತಿರುವ್ತಾಳೆ!"

"ಕಾಯಿ ಅಂತ ನಿನಗೆ ಹೇಳಿದ್ಯಾರು?"

"ಕಾಯದೇ ಇದ್ರೆ ಬಿಸ್ಕತ್ತು ತಿಂದು ಮಲಗ್ತೀಯಲ್ಲೇ, ಕೋತಿ!"

"ಹಸುವಂತೆ ಹಸು!" ದೊಡ್ಡ ಸಿಸ್ಟರ್ ತಾವೇ ಆಡಿದ ಮಾತನ್ನು ತಾವೇ ಒದ್ದರು. "ಜ್ವರ ಮುಚ್ಚಿಟ್ಕೊಂಡು ಡ್ಯೂಟಿಗೆ ಬಂದು, ಡ್ರೆಸಿಂಗ್ ಟ್ರಾಲಿ ಸಮೇತ ನನ್ನ ಕಾಲ ಮೇಲೆ ಬಿದ್ಲು. ಹೆಬ್ಬೆರಳಿನ ಉಗುರು ಹೋಯ್ತು ನಂದು. ನಮ್ಮನೇಲಿ ಮಲಗಿಸ್ಕೊಂಡು ಮಾತ್ರೆ ಕೊಟ್ರೆ, ಎಲ್ಲಾನೂ ಹೂಕುಂಡಕ್ಕೆ ಹಾಕಿದ್ಲು. ಗಿಡ ಆರೋಗ್ಯವಾಗಿದೆ!"

ಈಗ ಬಿರುಗಾಳಿ ನಿಜವಾಗಿ ಬೀಸಿತು. ಮೇಜಿನ ಮೇಲಿನ ತಟ್ಟೆಗಳು ಗಿರಗಿರ ತಿರುಗಿದವು. ಮೂಳೆ ಮುರಿದು ಮಲಗಿದ್ದವರೆಲ್ಲ ಜಗಳ ನೋಡಲು ಬಾಗಿಲಿಗೆ ಬಂದರು. ಅವರಲ್ಲೊಬ್ಬ ಊರುಗೋಲು ಮರೆತು ಓಡಿಯೇ ಬಂದಿದ್ದ, ಅವನನ್ನು ಅವತ್ತೇ ಮನೆಗೆ ಕಳಿಸಿದರು.

"ನೀನು ಬಾಯಿ ಮುಚ್ಚು!" ಎಂದಳು ಡ್ರೈವರಿಗೆ. "ಸಕ್ಕರೆ ಕಾಯಿಲೆ ಇಟ್ಕೊಂಡು ಸೀಟಿನ ಕೆಳಗೆ ಮಿಠಾಯಿ ಬಚ್ಚಿಡ್ತೀಯ. ದಿನಾ ತೆಗೆದು ಬಿಸಾಕೋಳು ನಾನು!"

"ನೀನಾ ಕಳ್ಳಿ? ಹೆಗ್ಗಣ ಅಂದ್ಕೊಂಡು ಬೋನು ಇಟ್ಟಿದ್ದೆ!"

"ನೀನು!" ಎಂದು ಅಡುಗೆಯವನ ಕಡೆ ತಿರುಗಿದಳು. "ಕಾಲು ಕುಂಬಳಕಾಯಿ ಥರ ಊದ್ಕೊಂಡಿದೆ. ಮೇಲೆ ಬಾ, ಡಾಕ್ಟರಿಗೆ ತೋರಿಸೋಣ ಅಂದ್ರೆ ಒಲೆ ಹಿಂದೆ ಅಡಗ್ತೀಯ! ಮತ್ತೆ ಅಕ್ಕ, ನೀವು! ಕನ್ನಡಕ ಹಣೆ ಮೇಲಿಟ್ಕೊಂಡು, ಎಲ್ಲೇ ನನ್ನ ಕನ್ನಡಕ ಅಂತ ನನ್ನನ್ನೇ ಕೇಳ್ತೀರಿ. ನಾನು ಹೋದ್ರೆ ಯಾರನ್ನ ಕೇಳ್ತೀರಿ?"

ಅಲ್ಲಿಗೆ ಗಾಳಿ ನಿಂತಿತು, ತಟ್ಟೆಗಳೂ ನಿಂತವು. ದೊಡ್ಡ ಸಿಸ್ಟರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು, ಒರೆಸುತ್ತಲೇ ಇದ್ದರು. ತಾನು ಇಷ್ಟು ದಿನ ಫೋನಿನಲ್ಲಿ ಹೇಳಿದ್ದು ಸುಳ್ಳಲ್ಲ ಎಂದು ಬಿರುಗಾಳಿಗೆ ಹೊಳೆದದ್ದು ಆಗಲೇ. ಅದರಲ್ಲಿ ಸುಳ್ಳಿದ್ದದ್ದು ಬಂಗಾರದಂಥ ಜನ ಎಂಬ ಮಾತೊಂದೇ.

ನಿಧಾನವಾಗಿ ತಿರುಗಿ ನೋಡಿದಳು. ಅತ್ತೆ ಜಡೆಯನ್ನು ಯಾವಾಗಲೋ ಬಿಟ್ಟಿದ್ದಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಎರಡನೆಯ ಸಲ ಬಡಿಸಿಕೊಂಡು, ಕಣ್ಣರಳಿಸಿ ಉಣ್ಣುತ್ತಿದ್ದಳು.

"ಯಾಕ್ರೀ ನಿಲ್ಲಿಸಿದ್ರಿ?" ಎಂದಳು. "ಆ ಉಗುರಿನ ಸಂಗತಿ ಇನ್ನೊಂದ್ಸಲ ಹೇಳಿ. ಚಿಕ್ಕವಳಿದ್ದಾಗ್ಲೂ ಇವಳು ಹೀಗೇ. ಜ್ವರ ಬಂದ್ರೆ ಮಂಚದ ಕೆಳಗೆ ತೂರ್ಕೊಳ್ಳೋಳು. ಪೊರಕೆ ಹಾಕಿ ಎಳೀತಿದ್ದೆ."

"ಅತ್ತೆ, ಪೆಟ್ಟಿಗೆ…"

"ಯಾವ ಪೆಟ್ಟಿಗೆ? ಸುಮ್ನೆ ಕೂತು ಉಣ್ಣು. ಹೊಟ್ಟೆಯೊಳಗಿಂದ ಇಷ್ಟು ಬೈಯೋಕೆ ಬಾಡಿಗೆಯವರ ಕೈಲಿ ಆಗುತ್ತಾ? ನನಗೇ ಆಗ್ತಿರಲಿಲ್ಲ." ಆಮೇಲೆ ಡ್ರೈವರಿನ ಕಡೆ ತಿರುಗಿದಳು. "ಅಣ್ಣನಂತೆ ಅಣ್ಣ! ಕೊಟ್ಟ ಸ್ವೆಟರ್ ವಾಪಸ್ ಕೇಳ್ತೀಯಲ್ಲೋ, ನಾಚಿಕೆ ಇಲ್ವಾ? ಚಳಿ ಜೋರಾಗೋದ್ರೊಳಗೆ ಇನ್ನೊಂದು ಕೊಡ್ಸು."

"ಆಯ್ತು ಅತ್ತೆ," ಎಂದ ಡ್ರೈವರ್. ಅಂದ ಮೇಲೆ ತಾನು ಏನಂದೆ ಎಂದು ಗೊತ್ತಾಗಿ ಎಣ್ಣೆ ತಲೆ ಕೆರೆದುಕೊಂಡ.

ಮರುದಿನ ಎಲ್ಲರೂ ಸೇರಿ ಅತ್ತೆಯನ್ನು ರೈಲು ಹತ್ತಿಸಲು ಹೋದರು. ಅವಳು ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಬುದ್ಧಿ ಹೇಳಿ ಮುಗಿಸುವ ತನಕ ರೈಲು ಕದಲಲಿಲ್ಲ. ನಡುವೆ ಒಮ್ಮೆ ಕೂಗಿದ್ದಕ್ಕೆ ಇಂಜಿನ್ನಿಗೂ ಎರಡು ಮಾತು ಬಿದ್ದವು. ಬಿರುಗಾಳಿ ಪ್ಲಾಟ್‌ಫಾರ್ಮಿನಲ್ಲೇ ಉಳಿದಳು, ಡ್ರೈವರಿಗೂ ಅಡುಗೆಯವನಿಗೂ ನಡುವೆ, ವಾಪಸ್ ಹೋಗುವಾಗ ಆಂಬುಲೆನ್ಸಿನ ಮುಂದಿನ ಸೀಟಿನಲ್ಲಿ ಯಾರು ಕೂರಬೇಕೆಂದು ವಾದ ಮಾಡುತ್ತಾ.

ಇನ್ನು ನಿಮ್ಮ ಸರದಿ. ಕಥೆ ಚೆನ್ನಾಗಿತ್ತು ಎಂದು ಹೊಗಳಿ ಎದ್ದು ಹೋದರೆ ನೀವು ಯಾರೋ ಹೊರಗಿನವರು, ನನಗೂ ನಿಮಗೂ ಸಂಬಂಧವಿಲ್ಲ. ನಮ್ಮವರೇ ಆಗಿದ್ದರೆ, "ಸಾಕು ನಿಲ್ಲಿಸಯ್ಯ ನಿನ್ನ ಬುರುಡೆ" ಎಂದು ಚೆನ್ನಾಗಿ ಬೈಯಿರಿ. ಬೈದ ಮೇಲೆ ನಮ್ಮವರು ಮಾಡುವ ಕೆಲಸ ಇನ್ನೊಂದಿದೆ: ಆ ಗಾಳಿ ಬರುವ ಜಾಗ ನನಗೆ ಬಿಟ್ಟುಕೊಟ್ಟು, ನೀವು ಹೋಗಿ ಎರಡು ಚಹಾ ಹೇಳಿ ಬನ್ನಿ. ಎರಡೂ ನನಗೇ.