ಗುಂಡಿಯ ಮೇಲೊಂದು ರಟ್ಟಿನ ಸೇತುವೆ

ಕಾಲೇಜಿನ ಚಾವಣಿ ಬಿರುಕು ಬಿಟ್ಟು, ಕಟ್ಟಡ ವಿನ್ಯಾಸ ಕಲಿಯುತ್ತಿದ್ದ ಹದಿನಾಲ್ಕು ಮಂದಿಗೆ ಕೂರಲು ಜಾಗವಿಲ್ಲದಂತಾಯಿತು. ಅವರ ಮೇಡಂ ಯಾರು ಯಾರನ್ನೋ ಕಾಡಿ ಬೇಡಿ, ಮುಚ್ಚಿಹೋಗಿದ್ದ ಬಸ್ ರಿಪೇರಿ ಶೆಡ್ಡೊಂದರ ಬೀಗದ ಕೈ ತಂದರು. ಹುಡುಗರು ಹಳೆಯ ಬಾಗಿಲುಗಳನ್ನು ಟೈರುಗಳ ಮೇಲೆ ಮಲಗಿಸಿ ಮೇಜು ಮಾಡಿಕೊಂಡರು. ಪೆನ್ಸಿಲ್ ಇಟ್ಟರೆ ಉರುಳಿ ಹೋಗುತ್ತಿತ್ತು.

“ಇಲ್ಲಿ ಒಂದು ಗೆರೆನೂ ನೆಟ್ಟಗೆ ಬರಲ್ಲ ಮೇಡಂ,” ಎಂದು ಒಬ್ಬ ಗೊಣಗಿದ.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಇಲ್ಲಿ ನೆಲ ನಿಜವಾಗ್ಲೂ ಡೊಂಕು. ಆದ್ರೂ ಕುಣೀಬೇಕಲ್ಲ,” ಎಂದರು ಮೇಡಂ.

ಶೆಡ್ಡಿನ ನಡುವೆ ಮೆಕ್ಯಾನಿಕ್‌ಗಳು ಬಸ್ಸಿನಡಿ ನಿಲ್ಲುವುದಕ್ಕೆಂದು ತೋಡಿಸಿದ್ದ, ಎದೆಯಷ್ಟು ಆಳದ ಗುಂಡಿಯಿತ್ತು. ಒಬ್ಬೊಬ್ಬರೂ ಅದಕ್ಕೊಂದು ಸೇತುವೆ ಕಟ್ಟಬೇಕು ಎಂದು ಮೇಡಂ ಕೆಲಸ ಕೊಟ್ಟರು. ರಟ್ಟು ಮತ್ತು ದಾರ ಬಿಟ್ಟು ಬೇರೇನೂ ಬಳಸುವಂತಿಲ್ಲ. ಕಟ್ಟಿದವರೇ ಮೊದಲು ದಾಟಬೇಕು. ಮೇಡಂ ಗುಂಡಿಯೊಳಗೆ ಬಸ್ಸಿನ ಸೀಟುಗಳನ್ನು ದಪ್ಪಗೆ ಹಾಸಿಸಿದರು.

ತರಗತಿಯಲ್ಲಿ ಒಬ್ಬಳಿಗೆ ‘ರಬ್ಬರ್’ ಎಂದೇ ಹೆಸರು ಬಿದ್ದಿತ್ತು. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಅವಳು ಹನ್ನೆರಡು ರಟ್ಟು ಒಂದರ ಮೇಲೊಂದು ಪೇರಿಸಿ, ಬಿಗಿದು ಕಟ್ಟಿ, ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ದೊಪ್ಪನೆ ಗುಂಡಿಗೆ ಬಿದ್ದಳು. ಮೊಣಕೈ ತರಚಿತು. ಎಲ್ಲರೂ ನಕ್ಕರು.

“ನನ್ನ ಕೈಲಿ ಆಗಲ್ಲ ಮೇಡಂ.”

“ಎಲ್ಲಿ ಸೋತಿತು, ನೋಡಿದ್ಯಾ?”

“ಇಲ್ಲ. ಕಣ್ಣು ಮುಚ್ಕೊಂಡಿದ್ದೆ.”

“ಹಾಗಾದ್ರೆ ಇನ್ನೊಂದ್ಸಲ ಬೀಳು. ಕಣ್ಣು ಬಿಟ್ಕೊಂಡು.”

ಅವಳು ಅದನ್ನೇ ಮತ್ತೆ ಕಟ್ಟಿ, ಮತ್ತೆ ಬಿದ್ದಳು. ಈ ಸಲ ಕಣ್ಣಾರೆ ಕಂಡಳು: ರಟ್ಟು ಹರಿದಿರಲಿಲ್ಲ, ನಡುವೆ ಜೋತುಬಿದ್ದಿತ್ತು.

ಸಂಜೆ ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಯಾರದೋ ಲಂಗ ಹಿಡಿದು ಕೂತಿದ್ದಳು. ಮಗಳ ಕತೆಯನ್ನೆಲ್ಲ ಕೇಳಿ, “ಅಷ್ಟೇನಾ? ತೆಳುವಾದದ್ದು ಜೋಲದೆ ಇನ್ನೇನು ಮಾಡುತ್ತೆ? ನೆರಿಗೆ ಹಿಡಿ, ನಿಲ್ಲುತ್ತೆ,” ಎಂದು ಒಂದು ಕಾಗದವನ್ನು ಹಿಂದೊಮ್ಮೆ ಮುಂದೊಮ್ಮೆ ಸಣ್ಣಗೆ ಮಡಿಸುತ್ತಾ ಹೋಗಿ, ಎರಡು ಡಬ್ಬಗಳ ನಡುವೆ ಅಡ್ಡ ಇಟ್ಟು, ಮೇಲೆ ಕತ್ತರಿ ಇರಿಸಿದಳು. ಕಾಗದ ಜಗ್ಗಲಿಲ್ಲ.

ಮರುದಿನ ಮಗಳು ಏನನ್ನೂ ಬರೆಯಲಿಲ್ಲ. ನೇರವಾಗಿ ರಟ್ಟಿಗೆ ನೆರಿಗೆ ಹಿಡಿದು, ಕೆಳಗೊಂದು ಮೇಲೊಂದು ಚಪ್ಪಟೆ ರಟ್ಟು ಕೊಟ್ಟು, ದಾರದಿಂದ ಹೊಲಿದಳು. ಮೂರು ಹೆಜ್ಜೆಗೆ ಸೇತುವೆ ಕಿರುಗುಟ್ಟಿತು. ನಾಲ್ಕನೆಯದಕ್ಕೆ ಅವಳು ಆಚೆ ದಡದಲ್ಲಿದ್ದಳು. ನಗು ತಡೆಯಲಾಗುತ್ತಿರಲಿಲ್ಲ.

“ಇದನ್ನ ಯಾರು ಹೇಳ್ಕೊಟ್ರು?” ಎಂದು ಮೇಡಂ ಕೇಳಿದರು.

“ನಮ್ಮಮ್ಮ. ಟೈಲರ್.”

“ಸೋಮವಾರ ಅವರನ್ನ ಕರ್ಕೊಂಡು ಬಾ. ಕ್ಲಾಸ್ ಅವರೇ ತಗೊಳ್ಳಲಿ.”

ಅಮ್ಮ ಮೊದಲು ಒಪ್ಪಲಿಲ್ಲ. ಏಳನೇ ಕ್ಲಾಸಿನವರೆಗೆ ಓದಿದವಳು ಕಾಲೇಜಿಗೆ ಏನು ಪಾಠ ಮಾಡೋದು ಎಂದಳು. ಆದರೂ ಸೋಮವಾರ ಚೀಲದ ತುಂಬ ಚೂರು ಬಟ್ಟೆ ಹೊತ್ತು ಬಂದಳು. ಮೊದಲು ಚೂರುಗಳನ್ನು ಒಬ್ಬೊಬ್ಬರಿಗೂ ಹಂಚಿದಳು. ಆಮೇಲೆ ಒಬ್ಬ ಹುಡುಗ ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸುವುದನ್ನು ಕಂಡು, “ಅಯ್ಯೋ, ಇಲ್ಲಿ ಕೊಡಪ್ಪ,” ಎಂದು ಅವನ ಕೈಯಿಂದ ಕತ್ತರಿ ಇಸಿದುಕೊಂಡಳು. ಮಧ್ಯಾಹ್ನದವರೆಗೂ ಪಾಠ ನಡೆಯಿತು.