ಎಸೆಯದ ಬಾವುಟ

ರೆಫರಿಗಳ ವಿಷಯದಲ್ಲಿ ಅಣ್ಣತಮ್ಮಂದಿರ ಜಗಳ ಹಳೆಯದು. ಅಮೆರಿಕನ್ ಸೇನಾ ಶಿಬಿರದ ಉಗ್ರಾಣದಲ್ಲಿ ಕೆಲಸ ಮಾಡುತ್ತ ಅಲ್ಲಿನ ಸೈನಿಕರಿಂದ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರ ಫುಟ್‌ಬಾಲಿನ ಹುಚ್ಚು ಹತ್ತಿಸಿಕೊಂಡಿದ್ದ ಸ್ಯಾಮುವೆಲ್‌ಗೆ ರೆಫರಿಗಳೆಲ್ಲ ಕುರುಡರು. ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವ ತಮ್ಮ ಫ್ರೆಡ್ರಿಕ್‌ಗೆ ಅವರ ಮೇಲೆ ಕನಿಕರ. “ಯಾವ ಅಳತೆಯಲ್ಲೂ ಒಂದಿಷ್ಟು ತಪ್ಪು ಇದ್ದದ್ದೇ ಮಾರಾಯ,” ಎನ್ನುತ್ತಿದ್ದ. “ನೀನೆಂತ, ಅವರ ಲಾಯರಾ?” ಎಂದು ಸ್ಯಾಮುವೆಲ್ ದಿಂಬು ಬೀಸುತ್ತಿದ್ದ.

ಈ ಸೋಮವಾರ ಮಧ್ಯಾಹ್ನ, ಕುವೈತಿನ ಖೈತಾನ್ ಬಡಾವಣೆಯ ಫ್ಲ್ಯಾಟಿನಲ್ಲಿ ಮರುಪ್ರಸಾರ ನೋಡಲು ಕೂತಾಗ ದಿಂಬು ಸ್ಯಾಮುವೆಲ್‌ನ ಬೆನ್ನಿಗಿತ್ತು. ಅದಿಲ್ಲದೆ ಅವನಿಗೆ ಕೂರಲಾಗುತ್ತಿರಲಿಲ್ಲ. ಮೇದೋಜೀರಕದ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿದೆ ಎಂದು ಇಬ್ಬರು ವೈದ್ಯರು ಹೇಳಿಯಾಗಿತ್ತು. ಫ್ರೆಡ್ರಿಕ್ ಒಪ್ಪಿರಲಿಲ್ಲ. ಅಂಗಾಂಶದ ಸ್ಲೈಡುಗಳನ್ನು ಮುಂಬೈಗೆ ಕಳಿಸಿ ಇನ್ನೊಮ್ಮೆ ನೋಡಿಸಬೇಕು, ಉತ್ತರ ಬರುವ ತನಕ ಅಣ್ಣ ಕುವೈತಿನಲ್ಲೇ ಇರಬೇಕು ಎಂಬುದು ಅವನ ಹಟ. ಸ್ಯಾಮುವೆಲ್‌ಗೆ ಈ ವಾರವೇ ಊರಿಗೆ ಹೊರಡಬೇಕಿತ್ತು.

“ವಿಮಾನದಲ್ಲಿ ಕೂತು ಹೋಗ್ಬೇಕು ಫ್ರೆಡ್ಡಿ. ಕೆಳಗೆ ಸಾಮಾನಿನ ಜೊತೆ ಅಲ್ಲ.”

“ಎಂತ ಮಾತಾಡ್ತಿ! ಮೂರು ವಾರ ಅಷ್ಟೇ.”

“ಮ್ಯಾಚು ನೋಡಿ, ಇಬ್ಬರೂ,” ಎಂದಳು ಸ್ಯಾಮುವೆಲ್‌ನ ಹೆಂಡತಿ ಇಸಾಬೆಲ್, ಗಂಜಿಯ ಬಟ್ಟಲು ಇಡುತ್ತ.

ಗೆದ್ದರೆ ಸ್ಯಾಮುವೆಲ್‌ನ ತಂಡ ಫೈನಲಿಗೆ ಹೋಗುತ್ತಿತ್ತು. ಕೊನೆಯ ನಿಮಿಷಗಳು. ಚೆಂಡು ಎತ್ತರಕ್ಕೆ ಹಾರಿ ಅಂಚಿನ ಕಡೆ ಬರುತ್ತಿತ್ತು. ಹಿಡಿಯಬೇಕಾದ ಸ್ಯಾಮುವೆಲ್‌ನ ತಂಡದವನು ಕೈ ಚಾಚಿದ್ದ. ಎದುರಾಳಿ ಚೆಂಡಿನತ್ತ ನೋಡಲೂ ಇಲ್ಲ. ಭುಜ ಕೊಟ್ಟು ಗುದ್ದಿ ಅವನನ್ನು ಉರುಳಿಸಿದ. ಆಮೇಲಷ್ಟೇ ಚೆಂಡು ಹುಲ್ಲಿಗೆ ಬಿತ್ತು. ಚೆಂಡು ತಲುಪುವ ಮೊದಲೇ ಹೀಗೆ ಗುದ್ದಿದರೆ ತಪ್ಪು, ಅದಕ್ಕೆ ರೆಫರಿ ಹಳದಿ ಬಾವುಟ ಎಸೆಯಬೇಕು. ಅವನು ಪಕ್ಕದಲ್ಲೇ ನಿಂತಿದ್ದ. ಬಾವುಟ ಸೊಂಟದಿಂದ ಹೊರಗೆ ಬರಲಿಲ್ಲ.

ಫ್ರೆಡ್ರಿಕ್ ಎದ್ದು ನಿಂತ. “ಏ, ಎಸೆಯೋ! ಕಣ್ಣೆದುರೇ ಆಯ್ತಲ್ಲ!”

ಪರದೆಯಲ್ಲಿ ಅದನ್ನೇ ನಿಧಾನವಾಗಿ, ಬೇರೆ ಬೇರೆ ಕೋನಗಳಿಂದ ತೋರಿಸಿದರು. ಪ್ರತಿ ಸಲವೂ ಮೊದಲು ದೇಹ, ಆಮೇಲೆ ಚೆಂಡು.

“ರಿವ್ಯೂ ಕೇಳ್ಬೇಕಲ್ಲ ಆ ಕೋಚು! ಎಂತ ನಿಂತಿದ್ದಾನೆ?”

“ಇದನ್ನು ಕೇಳ್ಲಿಕ್ಕೆ ಆಗುವುದಿಲ್ಲ,” ಎಂದ ಸ್ಯಾಮುವೆಲ್. “ಎಸೆಯದ ಬಾವುಟಕ್ಕೆ ರಿವ್ಯೂ ಇಲ್ಲ. ರೂಲು.”

“ಮತ್ತೆ ಇಷ್ಟೆಲ್ಲ ಕ್ಯಾಮೆರಾ ಎಂತಕ್ಕೆ?”

“ನಾವು ನೋಡ್ಲಿಕ್ಕೆ.”

ದನಿಯಲ್ಲಿ ಸಿಟ್ಟಿರಲಿಲ್ಲ. ಫ್ರೆಡ್ರಿಕ್ ತಿರುಗಿ ನೋಡಿದ. ಅಣ್ಣ ಟಿ.ವಿ.ಯನ್ನು ಬಿಟ್ಟು ತನ್ನನ್ನೇ ನೋಡುತ್ತಿದ್ದ.

“ಕುರುಡ ಅಂತ ಬಯ್ಯಿ ಸ್ಯಾಮ್,” ಎಂದ ಫ್ರೆಡ್ರಿಕ್. “ಒಮ್ಮೆ ಬಯ್ಯಿ ಮಾರಾಯ.”

“ಸ್ಲೈಡು ನೀನೂ ನೋಡಿದ್ದಿ ಅಲ್ವಾ?”

ಫ್ರೆಡ್ರಿಕ್ ಕೂತ. ನೋಡಿದ್ದ. ಮೊದಲ ದಿನವೇ, ಯಾರಿಗೂ ಹೇಳದೆ. ಜೀವಕೋಶಗಳು ಅಲ್ಲಿ ಹೇಗಿರಬಾರದೋ ಹಾಗೆಯೇ ಇದ್ದವು, ಅನುಮಾನಕ್ಕೆ ಎಡೆಯಿಲ್ಲದಷ್ಟು ಸ್ಪಷ್ಟವಾಗಿ. ತನ್ನ ಕಣ್ಣು ಸುಳ್ಳೆಂದು ಹೇಳುವ ಒಬ್ಬನಾದರೂ ಎಲ್ಲೋ ಸಿಕ್ಕಾನು ಎಂದು ಅವನು ಹುಡುಕುತ್ತಿದ್ದ, ಅಷ್ಟೇ.

“ನೋಡಿದೆ,” ಎಂದ.

“ಮತ್ತೆ?”

ಆಟಗಾರರು ಆಟ ಮುಂದುವರಿಸಲು ಸಾಲಾಗಿ ನಿಂತರು. ಚೆಂಡು ಮತ್ತೆ ಆಟಕ್ಕೆ ಬಂತು. ಫ್ರೆಡ್ರಿಕ್ ಫೋನು ತೆಗೆದು ಲ್ಯಾಬಿನ ಸಹೋದ್ಯೋಗಿ ಶ್ಯಾಮಸುಂದರ್‌ಗೆ ಕರೆ ಮಾಡಿದ. “ಆ ಮುಂಬೈ ಪಾರ್ಸೆಲ್ ಕಳಿಸ್ಬೇಡಿ. ಹೌದು. ಬೇಡ.”

ಬಾಗಿಲಲ್ಲಿ ನಿಂತಿದ್ದ ಇಸಾಬೆಲ್ ಒಳಗೆ ಹೋದಳು. ಕಪಾಟಿನ ಮೇಲಿಂದ ಸೂಟ್‌ಕೇಸು ಎಳೆಯುವ ಸದ್ದಾಯಿತು.

“ಕಾಲು ಚಾಚ್ಲಿಕ್ಕೆ ಆಗುವ ಸೀಟು ನೋಡು,” ಎಂದ ಸ್ಯಾಮುವೆಲ್. “ಗುರುವಾರಕ್ಕೆ. ಎರಡು.”

“ಮೂರು,” ಎಂದ ಫ್ರೆಡ್ರಿಕ್.