ಗ್ರಿಫಿತ್ ದೊರೆ ಬಾಗಿಲಿಗೆ ಬಂದದ್ದು

ಮದಲೂರು ಕೆರೆಯ ತೂಬು ರಿಪೇರಿಗೆ ಬಂದಿದ್ದ ಇಂಜಿನಿಯರ್ ಗ್ರಿಫಿತ್ ದೊರೆ ತನ್ನನ್ನು ಯಾರಾದರೂ ಇಂಗ್ಲಿಷ್ ದೊರೆ ಎಂದರೆ ಕೆಂಡವಾಗುತ್ತಿದ್ದ. ಅವನದು ವೇಲ್ಸ್ ಅಂತೆ, ಬೇರೆ ಸೀಮೆ, ಬೇರೆ ಭಾಷೆ. ಓವರ್ಸಿಯರ್ ಗಂಗಾಧರಯ್ಯನಿಗೆ ಇದನ್ನು ಎರಡು ವರ್ಷದಿಂದ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಅವನಿಗೆ ಬೇಕಾಗಿದ್ದುದು ತುಮಕೂರಿಗೆ ವರ್ಗ, ಅಷ್ಟೇ. ಕೆರೆಯಂಗಳದ ಚಳಿಜ್ವರ ಹತ್ತಿ ಮಗಳು ಕಡ್ಡಿಯಾದಾಗ ಡಾಕ್ಟರು ಮಗುವನ್ನು ಇಲ್ಲಿಡಬೇಡಿ ಎಂದಿದ್ದರು. ಹೆಂಡತಿ ಕಮಲಾಕ್ಷಮ್ಮ ಅದನ್ನು ಎತ್ತಿಕೊಂಡು ತುಮಕೂರಿನ ತವರು ಸೇರಿ ವರ್ಷ ತುಂಬಿತ್ತು.

ವರ್ಗದ ಕಾಗದಕ್ಕೆ ದೊರೆಯ ಒಂದು ರುಜು ಬಿದ್ದರೆ ಆಯಿತು. ಇವತ್ತು, ನಾಳೆ ಎಂದು ಸತಾಯಿಸಿದ ದೊರೆ ಕೊನೆಗೆ, ಸಂಕ್ರಾಂತಿಯ ಹಿಂದಿನ ಸಂಜೆ ನಿಮ್ಮ ಮನೆಯೊಳಗೇ ಕೂತು ರುಜು ಹಾಕುತ್ತೇನೆ ಎಂದ. ಅವತ್ತು ಅವನ ಊರಿನ ಹಳೇ ಹೊಸವರ್ಷವಂತೆ. ಆದರೆ ಸುಮ್ಮನೆ ಬರುವಂತಿಲ್ಲ. ಕುದುರೆಯ ಬುರುಡೆಗೆ ಬಿಳಿ ದುಪ್ಪಟಿ ಹೊದಿಸಿ ಹೊತ್ತುಕೊಂಡು, ಒಳಗೆ ಬಿಡಿ ಎಂದು ಬಾಗಿಲಲ್ಲಿ ಹಾಡಬೇಕು. ಒಳಗಿನವರು ಬಿಡುವುದಿಲ್ಲ ಎಂದು ಹಾಡಬೇಕು. ಯಾರ ಹಾಡು ಮೊದಲು ಬರಿದಾಗುತ್ತದೋ ಅವರು ಸೋತಂತೆ. ಮನೆಯವರು ಸೋತರೆ ಬಾಗಿಲು ತೆಗೆದು ತಿನ್ನಲು ಕೊಡುವುದು, ಬಂದವರು ಸೋತರೆ ಹಾಗೇ ವಾಪಸು. ಒಂದು ರುಜುವಿಗೆ ಇಷ್ಟೊಂದು ರಾಮಾಯಣವೇ ಎಂದು ಗಂಗಾಧರಯ್ಯನ ಮೈ ಉರಿಯಿತು. ಹಲ್ಲು ಕಚ್ಚಿ ಆಗಲಿ ಸಾರ್ ಎಂದ.

ಅವನಿಗೆ ಹಾಡು ಬರದು. ಹಾಡುವವಳು ಅವನ ತಾಯಿ ಶಿವರುದ್ರಮ್ಮ. ನಾಲ್ಕೂರಿನ ಮದುವೆಗಳಲ್ಲಿ ಮದುಮಕ್ಕಳ ಬಾಗಿಲು ತಡೆದು ಹಾಡಿ ಗಂಡಿನವರ ಬೆವರಿಳಿಸಿದವಳು. ಎರಡು ಪದ ಹಾಡಿ ನಿಲ್ಲಿಸು, ಆಮೇಲೆ ನಾನು ಬಾಗಿಲು ತೆಗೆಯುತ್ತೇನೆ ಎಂದು ಅವಳನ್ನು ಒಪ್ಪಿಸಿದ. ವರ್ಗದ ಮಾತನ್ನು ಮಾತ್ರ ಬಾಯಿಬಿಡಲಿಲ್ಲ. ಹೇಳಿದ್ದರೆ ರುಜು ಬೀಳುವ ಮೊದಲೇ ಸಿರಾದವರೆಗೆ ಡಂಗುರವಾಗುತ್ತಿತ್ತು. ಬುರುಡೆಯ ಮಾತನ್ನಂತೂ ಎತ್ತಲೇ ಇಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ದೊರೆ ಬಂದ. ಗಂಗಾಧರಯ್ಯ ಕಿಟಕಿಯಿಂದ ಇಣುಕಿದ. ಸಿರಾದ ಯಾವುದೋ ಜಟಕಾ ಕುದುರೆಯ ಬುರುಡೆ, ಕಣ್ಣಿಗೆ ಸೀಸೆಯ ಚೂರು, ದವಡೆಗೆ ಹಗ್ಗ. ಇಬ್ಬರು ಕೂಲಿಗಳು ಅದರ ಬಾಯನ್ನು ಕಟಕಟ ಆಡಿಸುತ್ತಿದ್ದರು. ದೊರೆ ದೊಡ್ಡ ದನಿಯಲ್ಲಿ ತನ್ನ ಭಾಷೆಯಲ್ಲಿ ಹಾಡಿದ. ಶಿವರುದ್ರಮ್ಮ ಮುಚ್ಚಿದ ಕದಕ್ಕೆ ಬೆನ್ನು ಕೊಟ್ಟು ಕೂತು ಉತ್ತರ ಹಾಡಿದಳು. ಒಬ್ಬರ ಮಾತು ಇನ್ನೊಬ್ಬರಿಗೆ ಒಂದಕ್ಷರ ತಿಳಿಯದು. ಎರಡಾಯಿತು, ಮೂರಾಯಿತು, ಹತ್ತಾಯಿತು.

ಗಂಗಾಧರಯ್ಯ ಕೈಸನ್ನೆ ಮಾಡಿದ, ಸೆರಗು ಜಗ್ಗಿದ, ಕಾಲು ಹಿಡಿದ. ಕದದಿಂದ ಅವಳು ಅಲ್ಲಾಡಲಿಲ್ಲ.

"ಸೋತುಬುಡು ಅಂದ್ರೆ ಹೆಂಗ್ಲಾ ಸೋಲಾದು?" ಎಂದಳು ಉಸಿರು ಎಳೆದುಕೊಳ್ಳುತ್ತಾ. "ಅವ್ನಿನ್ನೂ ಆಡ್ತಾವ್ನೆ."

ಇಪ್ಪತ್ತನೆಯದಕ್ಕೆ ಹೊರಗೆ ಸದ್ದಡಗಿತು. ಗಂಗಾಧರಯ್ಯ ಹಿತ್ತಿಲಿಂದ ಸುತ್ತಿ ಓಡಿ ಬಂದು, ಒಳಗೆ ಬನ್ನಿ ಸಾರ್ ಎಂದು ಕೈಮುಗಿದ. ದೊರೆ ತಲೆಯಾಡಿಸಿದ. ಸೋತವನು ಒಳಗೆ ಬರುವಂತಿಲ್ಲ. ಅವನ ಕಣ್ಣು ಒದ್ದೆಯಾಗಿತ್ತು. ಈ ದೇಶಕ್ಕೆ ಬಂದು ಹದಿಮೂರು ವರ್ಷ, ಪ್ರತಿ ವರ್ಷ ಒಬ್ಬೊಬ್ಬ ಅಧಿಕಾರಿಯ ಬಾಗಿಲಲ್ಲಿ ಹಾಡಿದ್ದನಂತೆ. ಎಲ್ಲರೂ ನಕ್ಕು ಕಳಿಸಿದ್ದರು. ತಿರುಗಿ ಹಾಡಿದ ಮನೆ ಇದೊಂದೇ. ಹೇಳುತ್ತಲೇ ಜೇಬಿನಿಂದ ವರ್ಗದ ಕಾಗದ ತೆಗೆದು, ನಾಲ್ಕು ಚೂರು ಮಾಡಿದ.

"ನಿಮ್ಮನ್ನು ಹೇಗೆ ಕಳಿಸಲಿ ಗಂಗಾಧರಯ್ಯ? ಮುಂದಿನ ವರ್ಷ ಇನ್ನೂ ಹೆಚ್ಚು ಹಾಡು ಕಲಿತು ಬರುತ್ತೇನೆ."

ಬುರುಡೆ, ಕೂಲಿಗಳು, ದೊರೆ ಎಲ್ಲ ಕೆರೆ ಏರಿಯ ಕಡೆ ಹೋದರು. ಗಂಗಾಧರಯ್ಯ ಜಗಲಿಯ ಮೇಲೆ ಕುಸಿದು ಕೂತ. ಅಳಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಶಿವರುದ್ರಮ್ಮ ಅಗುಳಿ ತೆಗೆದು ಹೊರಗೆ ಬಂದಳು. ಮುಖ ಅರಳಿತ್ತು.

"ಓದ್ನಾ? ಗೆದ್ದೋರು ಯಾರ್ಲಾ?"

"ನೀನೇ ಕಣವ್ವ."

"ಅಂಗಾರೆ ಕಮಲಾಕ್ಷಿಗೊಂದು ಕಾಗ್ದ ಬರ್ದಾಕು, ಅವ್ಳೂ ನಗ್ಲಿ. ಮಗೀನ ಯಾವಾಗ ಕರ್ಕಂಡ್ ಬತ್ತೀಯ ಅಂತ್ಲೂ ಕೇಳು."